ಬೇಸಿಗೆಯ ವಿದ್ಯಾರ್ಥಿ ಅಳೆದ ಸಕ್ಕರೆ

ಪದವಿ ತರಗತಿಗಳ ಪರೀಕ್ಷೆ ಮುಗಿದು ಕಾಲೇಜುಗಳಿಗೆ ರಜೆ ಬರುವ ಹೊತ್ತಿಗೆ ವೈದ್ಯಕೀಯ ಸಂಶೋಧನೆಯ ಪ್ರಯೋಗಾಲಯಗಳಲ್ಲಿ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಎರಡು ತಿಂಗಳು, ಹೆಚ್ಚೆಂದರೆ ಮೂರು ತಿಂಗಳ ಮಟ್ಟಿಗೆ ಬಂದುಹೋಗುವ ಇವರು ಅಲ್ಲಿನ ಸಿಬ್ಬಂದಿಯೂ ಅಲ್ಲ, ಡಾಕ್ಟರೇಟ್‌ಗಾಗಿ ದುಡಿಯುವ ಸಂಶೋಧಕರೂ ಅಲ್ಲ. ಉಪಕರಣಗಳ ಹೆಸರು ಗೊತ್ತು, ಬಳಸುವ ಹದ ಗೊತ್ತಿಲ್ಲ. ಕೆಲಸ ಕಲಿಸುವುದರಲ್ಲೇ ಇವರ ಅವಧಿಯ ಬಹುಪಾಲು ಕಳೆದುಹೋಗುತ್ತದೆ ಎಂಬುದು ಕಲಿಸುವವರಿಗೆಲ್ಲ ಗೊತ್ತಿರುವ ವಿಷಯ. ಹಾಗಿದ್ದರೂ ಲೋಕದ ಅನೇಕ ವೈದ್ಯಕೀಯ ಸಂಸ್ಥೆಗಳು ವರ್ಷ ವರ್ಷವೂ ಇವರಿಗೆ ಜಾಗ ಮಾಡಿಕೊಡುತ್ತವೆ.

ಅದು ಬರಿಯ ಔದಾರ್ಯವಲ್ಲ. ಮನುಷ್ಯದೇಹದ ನಕ್ಷೆಯಲ್ಲಿ ಇಂದು ಹೆಸರು ಪಡೆದಿರುವ ಕೆಲವು ಮುಖ್ಯ ತಾಣಗಳನ್ನು ಮೊದಲು ಕಂಡವರು ಇನ್ನೂ ಓದು ಮುಗಿಸದಿದ್ದ ಅಥವಾ ಆಗಷ್ಟೇ ಮುಗಿಸಿದ್ದ ವಿದ್ಯಾರ್ಥಿಗಳು. ಅವರಲ್ಲಿ ಕೆಲವರಿಗೆ ತಾವು ಕಂಡದ್ದು ಏನೆಂದೇ ತಿಳಿದಿರಲಿಲ್ಲ. ಕಂಡದ್ದನ್ನು ಕಂಡಂತೆ ಬರೆದರು, ಅಳೆದದ್ದನ್ನು ಅಳೆದಂತೆ ದಾಖಲಿಸಿದರು. ಅದಕ್ಕೆ ಅರ್ಥ ಹಚ್ಚುವ ಕೆಲಸ ಬೇರೆಯವರಿಂದ, ಎಷ್ಟೋ ಸಲ ಬಹಳ ತಡವಾಗಿ ಆಯಿತು. ಅರ್ಥ ಬದಲಾದಾಗಲೂ ದಾಖಲೆ ಕೆಡಲಿಲ್ಲ ಎಂಬುದರಲ್ಲಿ ಈ ಬೇಸಿಗೆಯ ದುಡಿಮೆಯ ಬೆಲೆ ಅಡಗಿದೆ.

ಬರ್ಲಿನ್ನಿನ ಪಾಲ್ ಲ್ಯಾಂಗರ್‌ಹಾನ್ಸ್ ಅಂಥ ಒಬ್ಬ ವಿದ್ಯಾರ್ಥಿ. ರೋಗಶಾಸ್ತ್ರದ ದಿಗ್ಗಜ ರುಡಾಲ್ಫ್ ವಿರ್ಷೋ ಅವರ ಸಂಸ್ಥೆಯಲ್ಲಿ ಕಲಿಯುತ್ತಿದ್ದಾಗ, 1868ರಲ್ಲಿ, ಅವರು ಚರ್ಮದ ತುಣುಕುಗಳಿಗೆ ಚಿನ್ನದ ಕ್ಲೋರೈಡಿನ ಬಣ್ಣ ಹಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕವಲೊಡೆದ ಕಪ್ಪು ಕೋಶಗಳು ಕಂಡವು; ನರಕ್ಕೆ ಸೇರಿದವು ಇರಬೇಕೆಂದು ಭಾವಿಸಿದರು. ಮರುವರ್ಷ, ತಮ್ಮ 21ನೇ ವಯಸ್ಸಿನಲ್ಲಿ, ಮೇದೋಜೀರಕ ಗ್ರಂಥಿಯ ರಚನೆಯ ಬಗ್ಗೆ ಪ್ರಬಂಧ ಸಲ್ಲಿಸಿದರು. ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಈ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್, ಜೀರ್ಣರಸ ಸ್ರವಿಸುತ್ತದೆ ಎಂಬುದು ಆಗ ತಿಳಿದಿತ್ತು. ಆದರೆ ಜೀರ್ಣರಸ ತಯಾರಿಸುವ ಕೋಶಗಳ ನಡುವೆ ಅಲ್ಲಲ್ಲಿ, ಅವುಗಳನ್ನು ಹೋಲದ ತಿಳಿಯಾದ ಸಣ್ಣ ಕೋಶಗಳ ಗುಂಪುಗಳಿದ್ದುದನ್ನು ಲ್ಯಾಂಗರ್‌ಹಾನ್ಸ್ ಗುರುತಿಸಿದರು. ಅವುಗಳ ಆಕಾರ, ಗಾತ್ರ, ಇರುವ ಜಾಗ ಎಲ್ಲವನ್ನೂ ಬರೆದರು. ಅವು ಮಾಡುವ ಕೆಲಸ ಏನೆಂಬುದು ತಮಗೆ ಗೊತ್ತಿಲ್ಲ ಎಂದೂ ಬರೆದರು.

ಇಪ್ಪತ್ತೊಂದರ ಹರೆಯದ ವಿದ್ಯಾರ್ಥಿ ಪದವಿಯ ಪ್ರಬಂಧದಲ್ಲಿ ಗೊತ್ತಿಲ್ಲ ಎಂದು ಬರೆಯಲು ಧೈರ್ಯ ಬೇಕು. 1888ರಲ್ಲಿ ಲ್ಯಾಂಗರ್‌ಹಾನ್ಸ್ ಮಡೀರಾ ದ್ವೀಪದಲ್ಲಿ ತೀರಿಕೊಂಡರು. ಆಗ ಅವರಿಗೆ ಇನ್ನೂ 41 ತುಂಬಿರಲಿಲ್ಲ. ಮರುವರ್ಷವೇ ಸ್ಟ್ರಾಸ್‌ಬರ್ಗ್‌ನಲ್ಲಿ ಆಸ್ಕರ್ ಮಿಂಕೋವ್‌ಸ್ಕಿ ಮತ್ತು ಜೋಸೆಫ್ ಫಾನ್ ಮೇರಿಂಗ್ ಅವರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದರೆ ಅದಕ್ಕೆ ತೀವ್ರ ಸಕ್ಕರೆ ಕಾಯಿಲೆ ಬರುತ್ತದೆಂದು ಕಂಡುಕೊಂಡರು. 1893ರಲ್ಲಿ ಫ್ರಾನ್ಸಿನ ಗುಸ್ತಾವ್ ಲಾಗೆಸ್ ಆ ಕೋಶಗುಂಪುಗಳಿಗೆ ಲ್ಯಾಂಗರ್‌ಹಾನ್ಸ್ ದ್ವೀಪಗಳು ಎಂದು ಹೆಸರಿಟ್ಟು, ದೇಹದ ಸಕ್ಕರೆಯನ್ನು ಹತೋಟಿಯಲ್ಲಿಡುವ ಒಳಸ್ರಾವ ಅಲ್ಲಿಂದಲೇ ಬರುತ್ತಿರಬಹುದು ಎಂದರು. ಚರ್ಮದಲ್ಲಿ ಕಂಡ ಕೋಶಗಳು ನರಕ್ಕೆ ಸೇರಿದವಲ್ಲ, ರೋಗನಿರೋಧಕ ವ್ಯವಸ್ಥೆಯವು ಎಂಬುದು ಖಚಿತವಾಗಲು ಒಂದು ಶತಮಾನವೇ ಹಿಡಿಯಿತು. ಎರಡೂ ಕಡೆ ವಿದ್ಯಾರ್ಥಿಯ ಚಿತ್ರ ಸರಿಯಿತ್ತು. ಒಂದಕ್ಕೆ ವಿವರಣೆ ಇರಲಿಲ್ಲ, ಇನ್ನೊಂದರ ವಿವರಣೆ ತಪ್ಪಾಗಿತ್ತು.

ರಜೆಯಲ್ಲೇ ಆದ ಶೋಧ ಎಂದರೆ ಇಂಗ್ಲೆಂಡಿನ 1906ರ ಬೇಸಿಗೆಯದು. ಲಂಡನ್ನಿನ ಅಂಗರಚನಾಶಾಸ್ತ್ರಜ್ಞ ಆರ್ಥರ್ ಕೀತ್ ಆ ಬೇಸಿಗೆಯಲ್ಲಿ ಕೆಂಟ್ ಪ್ರಾಂತದ ಹಳ್ಳಿಮನೆಯೊಂದರ ಓದುಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದರು. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಬಡಿತದ ಸಂಕೇತ ಹೇಗೆ ಸಾಗುತ್ತದೆ ಎಂಬುದು ಅವರ ಪ್ರಶ್ನೆ. ಜಪಾನಿನ ಸುನಾವೊ ತವಾರ ಎರಡು ಕೋಣೆಗಳ ನಡುವಿನ ಒಂದು ಗಂಟಿನಂಥ ರಚನೆಯನ್ನು ಅದೇ ವರ್ಷ ವಿವರಿಸಿದ್ದರು. ಬೇರೆ ಬೇರೆ ಪ್ರಾಣಿಗಳ ಹೃದಯಗಳನ್ನು ತೆಳ್ಳಗೆ ಸೀಳಿ ಗಾಜಿನ ಮೇಲೆ ಕೂರಿಸಿ ನೋಡುವ ಕೆಲಸಕ್ಕೆ ಕೀತ್ ಜೊತೆಗಿದ್ದವರು ಮಾರ್ಟಿನ್ ಫ್ಲ್ಯಾಕ್ ಎಂಬ ವೈದ್ಯಕೀಯ ವಿದ್ಯಾರ್ಥಿ. ಕೀತ್ ದಂಪತಿ ಒಂದು ದಿನ ಚೆರಿ ತೋಟಗಳ ನಡುವೆ ಸೈಕಲ್ ಸವಾರಿ ಮುಗಿಸಿ ಬಂದಾಗ ಫ್ಲ್ಯಾಕ್ ಉತ್ಸಾಹದಿಂದ ಒಂದು ಗಾಜಿನ ಪಟ್ಟಿ ತೋರಿಸಿದರು. ಅದರಲ್ಲಿದ್ದದ್ದು ಮೋಲ್ ಎಂಬ, ನೆಲ ಕೊರೆದು ಬದುಕುವ ಪುಟ್ಟ ಪ್ರಾಣಿಯ ಹೃದಯ. ದೇಹದ ಮೇಲ್ಭಾಗದ ರಕ್ತವನ್ನು ತರುವ ದೊಡ್ಡ ಅಭಿಧಮನಿ ಬಲ ಹೃತ್ಕರ್ಣಕ್ಕೆ ಸೇರುವಲ್ಲಿ ತವಾರ ಅವರ ಗಂಟನ್ನೇ ಹೋಲುವ ಇನ್ನೊಂದು ಗಂಟು ಇತ್ತು. ಹಾಗೆ ನೋಡಲು ಹೊರಟ ಮೇಲೆ ಪರೀಕ್ಷಿಸಿದ ಸಸ್ತನಿಗಳ ಹೃದಯಗಳಲ್ಲೆಲ್ಲ, ಮನುಷ್ಯನ ಹೃದಯದಲ್ಲೂ, ಅದು ಸಿಕ್ಕಿತು. 1907ರಲ್ಲಿ ಇಬ್ಬರ ಹೆಸರಿನಲ್ಲೂ ಲೇಖನ ಪ್ರಕಟವಾಯಿತು.

ಇಂದು ಸೈನೋ ಏಟ್ರಿಯಲ್ ಗಂಟು ಎಂದು ಕರೆಯಲಾಗುವ ಆ ಜಾಗ ಹೃದಯದ ಸಹಜ ಗತಿನಿಯಾಮಕ. ಅಲ್ಲಿನ ಕೋಶಗಳು ಯಾರ ಅಪ್ಪಣೆಗೂ ಕಾಯುವುದಿಲ್ಲ. ಅವುಗಳ ಪೊರೆಯ ಮೂಲಕ ವಿದ್ಯುದಂಶವುಳ್ಳ ಅಯಾನುಗಳು ಸದಾ ಒಳಕ್ಕೆ ಜಿನುಗುತ್ತವೆ. ಒಳಗಿನ ವಿದ್ಯುತ್ ಒತ್ತಡ ನಿಧಾನವಾಗಿ ಏರಿ ಒಂದು ಮಟ್ಟ ಮುಟ್ಟಿದೊಡನೆ ಕೋಶ ಸಿಡಿಯುತ್ತದೆ, ಆ ಅಲೆ ಹೃದಯದ ತುಂಬ ಹರಡಿ ಸ್ನಾಯು ಸಂಕುಚಿಸುತ್ತದೆ. ವಯಸ್ಕರಲ್ಲಿ ನಿಮಿಷಕ್ಕೆ ಎಪ್ಪತ್ತರ ಆಸುಪಾಸು, ಬದುಕಿನ ಕೊನೆಯವರೆಗೆ. 1958ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮೊದಲ ಸಲ ಮನುಷ್ಯನ ದೇಹದೊಳಗೆ ಪೂರ್ತಿಯಾಗಿ ಅಳವಡಿಸಿದ ಪೇಸ್‌ಮೇಕರ್ ಉಪಕರಣ ಬಡಿತ ಹೊರಡಿಸುವ ಈ ಕೆಲಸವನ್ನೇ ಯಂತ್ರಕ್ಕೆ ಒಪ್ಪಿಸಿತು. ಫ್ಲ್ಯಾಕ್ ಗಾಜಿನ ಪಟ್ಟಿಯಲ್ಲಿ ಕಂಡದ್ದು ಇದ್ಯಾವುದನ್ನೂ ಅಲ್ಲ. ಸುತ್ತಲಿನ ಸ್ನಾಯುವಿಗಿಂತ ಬೇರೆ ತೋರುವ ಒಂದು ಚಿಕ್ಕ ಗಂಟನ್ನು, ಅಷ್ಟೆ. ನೂರಾರು ಸೀಳುಗಳನ್ನು ಒಂದಾದ ಮೇಲೊಂದು ನೋಡುವ ಪುರುಸೊತ್ತು ಮತ್ತು ಸಹನೆ ಆ ಮನೆಯಲ್ಲಿ ಆ ದಿನ ಇದ್ದದ್ದು ವಿದ್ಯಾರ್ಥಿಗೆ.

ಬೇಸಿಗೆಯ ವಿದ್ಯಾರ್ಥಿಯ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದಾಖಲಾಗಿರುವುದು 1921ರ ಟೊರಾಂಟೊ. ಲ್ಯಾಂಗರ್‌ಹಾನ್ಸ್ ದ್ವೀಪಗಳ ಒಳಸ್ರಾವವನ್ನು ಹಿಂಡಿ ತೆಗೆಯಲು ಹಲವರು ಪ್ರಯತ್ನಿಸಿ ಕೈಬಿಟ್ಟಿದ್ದ ಕಾಲ ಅದು. ಗ್ರಂಥಿಯನ್ನು ಅರೆದರೆ ಅದರ ಜೀರ್ಣರಸವೇ ಆ ಸ್ರಾವವನ್ನು ತಿಂದುಹಾಕುತ್ತದೆ ಎಂಬ ಊಹೆಯಿತ್ತು. ಕೆನಡಾದ ತರುಣ ಶಸ್ತ್ರವೈದ್ಯ ಫ್ರೆಡರಿಕ್ ಬ್ಯಾಂಟಿಂಗ್‌ಗೆ 1920ರ ಅಕ್ಟೋಬರ್ ಕೊನೆಯ ರಾತ್ರಿ ಒಂದು ಉಪಾಯ ಹೊಳೆಯಿತು. ಗ್ರಂಥಿಯ ನಾಳಕ್ಕೆ ದಾರ ಕಟ್ಟಿದರೆ ಜೀರ್ಣರಸದ ಕೋಶಗಳು ಕೆಲವು ವಾರಗಳಲ್ಲಿ ಸೊರಗುತ್ತವೆ, ದ್ವೀಪಗಳು ಉಳಿಯುತ್ತವೆ. ಆಗ ಸಾರ ತೆಗೆಯಬಹುದು. ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆ. ಜೆ. ಆರ್. ಮ್ಯಾಕ್ಲಿಯಾಡ್ ದೇಹ ಸಕ್ಕರೆಯನ್ನು ಬಳಸುವ ಬಗೆಯ ಬಗ್ಗೆ ಹೆಸರಾಂತ ಪರಿಣತರು. ಅನುಮಾನದಿಂದಲೇ ಆದರೂ ಅವರು ಬ್ಯಾಂಟಿಂಗ್‌ಗೆ ಬೇಸಿಗೆಯ ಮಟ್ಟಿಗೆ ಒಂದು ಕೋಣೆ, ಕೆಲವು ನಾಯಿಗಳು, ಒಬ್ಬ ಸಹಾಯಕನನ್ನು ಕೊಟ್ಟರು.

ಬ್ಯಾಂಟಿಂಗ್‌ಗೆ ಸಹಾಯಕ ಬೇಕಾದದ್ದು ಅಳತೆಗಾಗಿ. ಅವರಿಗೆ ಕತ್ತರಿಸಿ ಹೊಲಿಯುವುದು ಗೊತ್ತಿತ್ತು, ರಕ್ತದ ಸಕ್ಕರೆ ಲೆಕ್ಕ ಹಾಕುವುದು ಬರುತ್ತಿರಲಿಲ್ಲ. ಶರೀರಕ್ರಿಯಾಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರದ ಪದವಿ ಓದನ್ನು ಆಗಷ್ಟೇ ಮುಗಿಸುತ್ತಿದ್ದ ಚಾರ್ಲ್ಸ್ ಬೆಸ್ಟ್ ಮತ್ತು ಕ್ಲಾರ್ಕ್ ನೋಬಲ್ ಎಂಬ ಇಬ್ಬರನ್ನು ಮ್ಯಾಕ್ಲಿಯಾಡ್ ಸೂಚಿಸಿದರು. ಬೇಸಿಗೆಯನ್ನು ಇಬ್ಬರೂ ಹಂಚಿಕೊಳ್ಳುವುದು, ಯಾರು ಮೊದಲು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುವುದು ಎಂದಾಯಿತು ಎಂಬ ಕಥೆ ಅಂದಿನಿಂದ ಉಳಿದುಬಂದಿದೆ. ಮೊದಲ ಪಾಳಿ ಬೆಸ್ಟ್‌ಗೆ ಬಂತು. ಅವರಿಗೆ ಆಗ 22 ವರ್ಷ. ಅವರ ಅತ್ತೆಯೊಬ್ಬರು ಕೆಲವೇ ವರ್ಷಗಳ ಹಿಂದೆ ಸಕ್ಕರೆ ಕಾಯಿಲೆಯಿಂದ ತೀರಿಕೊಂಡಿದ್ದರು. ಮೇ 17ರಂದು ಕೆಲಸ ಶುರುವಾಯಿತು. ಜೂನ್ ನಡುವಿನಲ್ಲಿ ಮ್ಯಾಕ್ಲಿಯಾಡ್ ರಜೆಗೆಂದು ಸ್ಕಾಟ್ಲೆಂಡಿಗೆ ಹೊರಟರು; ಪಾಳಿ ಬದಲಾಗಬೇಕಾದ ಹೊತ್ತಿಗೆ ಕೈ ಪಳಗಿದ್ದ ಬೆಸ್ಟ್ ಅವರೇ ಮುಂದುವರಿಯಲಿ ಎಂದು ನೋಬಲ್ ಬಿಟ್ಟುಕೊಟ್ಟರು.

ಕೈ ಪಳಗುವುದು ಎಂದರೆ ಏನೆಂಬುದನ್ನು ತುಸು ಹತ್ತಿರದಿಂದ ನೋಡಬೇಕು. ನಾಯಿಯಿಂದ ತೆಗೆದ ಸ್ವಲ್ಪ ರಕ್ತಕ್ಕೆ ನೀರು ಬೆರೆಸಿ ಕಣಗಳನ್ನು ಒಡೆಯಬೇಕು. ಹಳದಿ ಬಣ್ಣದ ಪಿಕ್ರಿಕ್ ಆಮ್ಲ ಹಾಕಿದರೆ ರಕ್ತದ ಪ್ರೋಟೀನು ಒಡೆದು ತಳ ಸೇರುತ್ತದೆ, ಅದನ್ನು ಸೋಸಬೇಕು. ಸೋಸಿದ ತಿಳಿಗೆ ಸೋಡಿಯಂ ಕಾರ್ಬೊನೇಟ್ ಸೇರಿಸಿ ಕಾಯಿಸಿದರೆ ಅದರಲ್ಲಿರುವ ಸಕ್ಕರೆ ಪಿಕ್ರಿಕ್ ಆಮ್ಲದೊಡನೆ ವರ್ತಿಸಿ ಹಳದಿಯನ್ನು ಕೆಂಗಂದು ಮಾಡುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಬಣ್ಣ ಗಾಢ. ಮನೆಯಲ್ಲಿ ಡಿಕಾಕ್ಷನ್ನಿನ ಬಣ್ಣ ನೋಡಿಯೇ ಕಾಫಿ ಎಷ್ಟು ಗಟ್ಟಿ ಎಂದು ಹೇಳುವವರಿದ್ದಾರೆ. ಇಲ್ಲಿ ಅದೇ ಕೆಲಸವನ್ನು ವರ್ಣಮಾಪಕ ಎಂಬ ಉಪಕರಣದಲ್ಲಿ, ಎಷ್ಟು ಸಕ್ಕರೆ ಇದೆಯೆಂದು ಮೊದಲೇ ಗೊತ್ತಿರುವ ಮಾನಕ ದ್ರಾವಣದ ಪಕ್ಕದಲ್ಲಿಟ್ಟು ಕಣ್ಣಿಂದ ಮಾಡಬೇಕು. ಗಾಜಿನ ಸಾಮಾನಿನಲ್ಲಿ ಹಿಂದಿನ ದಿನದ ಶೇಷ ಉಳಿದಿದ್ದರೆ, ಮಾನಕ ದ್ರಾವಣ ಹಳತಾಗಿದ್ದರೆ, ಕಾಯಿಸಿದ ಹೊತ್ತು ಹೆಚ್ಚುಕಮ್ಮಿಯಾದರೆ ಸಂಖ್ಯೆ ಸುಳ್ಳಾಗುತ್ತದೆ. ಸುಳ್ಳು ಸಂಖ್ಯೆ ನೋಡಲು ನಿಜ ಸಂಖ್ಯೆಯ ಹಾಗೆಯೇ ಇರುತ್ತದೆ ಎಂಬುದು ಅಳತೆಯ ಕೆಲಸದ ದೊಡ್ಡ ಅಪಾಯ.

ಜೂನ್‌ನಲ್ಲಿ ಬೆಸ್ಟ್ ಕೆಲವು ದಿನ ಸೈನಿಕ ತರಬೇತಿಗೆ ಹೋಗಿದ್ದಾಗ ಬ್ಯಾಂಟಿಂಗ್ ತಾವೇ ಸಕ್ಕರೆ ಅಳೆಯಲು ಕುಳಿತರು. ಬೆಸ್ಟ್ ಬಿಟ್ಟುಹೋಗಿದ್ದ ದ್ರಾವಣಗಳೂ ಗಾಜಿನ ಸಾಮಾನುಗಳೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಬ್ಯಾಂಟಿಂಗ್ ಮುಂದೆ ಬರೆದಿಟ್ಟಿರುವಂತೆ, ಮರಳಿ ಬಂದ ಬೆಸ್ಟ್‌ಗೆ ಖಾರವಾಗಿಯೇ ಹೇಳಿದರು. ಬೆಸ್ಟ್ ರಾತ್ರಿಯಿಡೀ ಕುಳಿತು ಎಲ್ಲವನ್ನೂ ತೊಳೆದು, ದ್ರಾವಣಗಳನ್ನು ಹೊಸದಾಗಿ ತಯಾರಿಸಿದರು. ವಿಜ್ಞಾನದ ಚರಿತ್ರೆಯಲ್ಲಿ ಈ ಪ್ರಸಂಗಕ್ಕೆ ಸಿಗುವ ಜಾಗ ಚಿಕ್ಕದು. ಆದರೆ ಅಲ್ಲಿಂದ ಮುಂದಿನ ಪ್ರತಿ ಅಂಕಿಯ ನಂಬಿಕೆ ಆ ರಾತ್ರಿ ತೊಳೆದ ಗಾಜಿನ ಮೇಲೆ ನಿಂತಿತ್ತು.

ಬೇಸಿಗೆ ಸುಲಭವಾಗಿರಲಿಲ್ಲ. ವೈದ್ಯಕೀಯ ಕಟ್ಟಡದ ಮೇಲಂತಸ್ತಿನ ಕೋಣೆಯಲ್ಲಿ ಸೆಕೆ ಕುದಿಯುತ್ತಿತ್ತು. ಸೋಂಕಿನಿಂದಲೂ ಶಸ್ತ್ರಕ್ರಿಯೆಯ ಆಘಾತದಿಂದಲೂ ನಾಯಿಗಳು ಒಂದರ ಹಿಂದೆ ಒಂದು ಸತ್ತವು. ನಾಳಕ್ಕೆ ಕಟ್ಟಿದ್ದ ದಾರ ಬಹುಪಾಲು ನಾಯಿಗಳಲ್ಲಿ ಸರಿಯಾಗಿ ಹಿಡಿದಿರಲಿಲ್ಲ. ಗ್ರಂಥಿ ಸೊರಗದೆ ಹಾಗೆಯೇ ಇತ್ತು. ರೇಷ್ಮೆ ದಾರದಿಂದ ಮತ್ತೆ ಕಟ್ಟಬೇಕಾಯಿತು. ಕೊನೆಗೆ ಜುಲೈ 30ರಂದು, ಸೊರಗಿದ ಗ್ರಂಥಿಯೊಂದನ್ನು ಮಂಜಿನಷ್ಟು ತಣ್ಣಗಿನ ಉಪ್ಪಿನ ದ್ರಾವಣದಲ್ಲಿ ಅರೆದು ಸೋಸಿದ ಸಾರವನ್ನು, ಗ್ರಂಥಿ ಕಳೆದುಕೊಂಡು ಸಕ್ಕರೆ ಕಾಯಿಲೆಯಿಂದ ಬಳಲುತ್ತಿದ್ದ 410ನೇ ಸಂಖ್ಯೆಯ ಬಿಳಿ ನಾಯಿಯ ರಕ್ತಕ್ಕೆ ಚುಚ್ಚಿದರು. ಬೆಸ್ಟ್ ಅಳೆದ ಸಕ್ಕರೆ ಒಂದು ಗಂಟೆಯಲ್ಲಿ ಶೇಕಡ 0.20ರಿಂದ 0.12ಕ್ಕೆ ಇಳಿದಿತ್ತು. ಇಂದಿನ ಲ್ಯಾಬ್ ರಿಪೋರ್ಟಿನ ಭಾಷೆಯಲ್ಲಿ ಹೇಳುವುದಾದರೆ 200 ಇದ್ದದ್ದು 120 ಆಯಿತು. ಆ ನಾಯಿ ಮರುದಿನ ಬೆಳಿಗ್ಗೆ ಸತ್ತಿತು. ಆಗಸ್ಟ್‌ನಲ್ಲಿ ಎರಡು ನಾಯಿಗಳ ಗ್ರಂಥಿ ತೆಗೆದು ಒಂದಕ್ಕೆ ಮಾತ್ರ ಸಾರ ಕೊಟ್ಟರು. ಸಾರ ಸಿಗದ ನಾಯಿ ಕೆಲವೇ ದಿನಗಳಲ್ಲಿ ಸತ್ತಿತು. ಸಿಕ್ಕಿದ್ದು ತಿಂಗಳ ಕೊನೆಯವರೆಗೂ ಬದುಕಿತ್ತು.

ಈ ಪ್ರಾಣಿಗಳ ವಿಷಯವನ್ನು ಹಾರಿಸಿ ಮುಂದೆ ಹೋಗುವುದು ನ್ಯಾಯವಲ್ಲ. ಅವುಗಳ ನೋವು ನಿಜ, ಅದರ ಮೇಲೆ ಕಟ್ಟಿದ ಜ್ಞಾನವೂ ನಿಜ. ಇಂದು ಭಾರತದ ಯಾವ ಸಂಸ್ಥೆಯಲ್ಲೇ ಆಗಲಿ ಪ್ರಾಣಿಪ್ರಯೋಗಕ್ಕೆ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಎಷ್ಟು ಪ್ರಾಣಿ, ಏಕೆ, ನೋವು ತಗ್ಗಿಸುವ ಬಗೆ ಯಾವುದು ಎಂಬುದಕ್ಕೆ ಮೊದಲೇ ಉತ್ತರ ಕೊಡಬೇಕು. ಬೇಸಿಗೆಯ ವಿದ್ಯಾರ್ಥಿಗೆ ಸಾಮಾನ್ಯವಾಗಿ ಕೋಶಗಳು, ಮಾದರಿ ದ್ರಾವಣಗಳು, ಆಸ್ಪತ್ರೆಯ ದಾಖಲೆಗಳು ಇಂಥವೇ ಕೈಗೆ ಬರುತ್ತವೆ, ಬರಬೇಕಾದದ್ದೂ ಅವೇ.

ಟೊರಾಂಟೊದ ಕಥೆಯಲ್ಲಿ ಮುಂದಿನ ತಿರುವು ಇನ್ನೂ ಸೋಜಿಗದ್ದು. ಶರತ್ಕಾಲದಲ್ಲಿ ಮರಳಿದ ಮ್ಯಾಕ್ಲಿಯಾಡ್ ಫಲಿತಾಂಶಗಳನ್ನು ಕಟುವಾಗಿ ಪ್ರಶ್ನಿಸಿದರು, ಹೋಲಿಕೆಯ ಪ್ರಯೋಗಗಳನ್ನು ಹೆಚ್ಚಿಸಲು ಹೇಳಿದರು. ಹಾಗೆ ಮುಂದುವರಿದಾಗ ತಿಳಿದದ್ದು, ನಾಳಕ್ಕೆ ದಾರ ಕಟ್ಟುವ ಅಗತ್ಯವೇ ಇರಲಿಲ್ಲ ಎಂದು. ಇಡಿಯ ತಾಜಾ ಗ್ರಂಥಿಯಿಂದಲೇ ಆಲ್ಕೊಹಾಲ್ ಬಳಸಿ ಸಾರ ತೆಗೆಯಬಹುದಿತ್ತು. ಬ್ಯಾಂಟಿಂಗ್ ಅವರ ಅಕ್ಟೋಬರ್ ರಾತ್ರಿಯ ಉಪಾಯ, ಇಡೀ ಬೇಸಿಗೆಯನ್ನು ಹೊರಡಿಸಿದ ಆ ಉಪಾಯ, ಅನಗತ್ಯ ಎಂದಾಯಿತು. ಆದರೆ ಸಕ್ಕರೆ ಇಳಿದದ್ದು ಇಳಿದದ್ದೇ. ಡಿಸೆಂಬರ್‌ನಲ್ಲಿ ತಂಡ ಸೇರಿದ ಜೀವರಸಾಯನಶಾಸ್ತ್ರಜ್ಞ ಜೇಮ್ಸ್ ಕಾಲಿಪ್ ಸಾರವನ್ನು ಶುದ್ಧಗೊಳಿಸುವ ಹೊಣೆ ಹೊತ್ತರು. 1922ರ ಜನವರಿ 11ರಂದು ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯಿದ್ದ 14 ವರ್ಷದ ಲೆನರ್ಡ್ ಥಾಂಪ್ಸನ್‌ಗೆ ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ ಸಾರ ಚುಚ್ಚಿದಾಗ ಸಕ್ಕರೆ ತುಸು ಇಳಿಯಿತು, ಚುಚ್ಚಿದ ಜಾಗ ಬಾತುಕೊಂಡಿತು. ಜನವರಿ 23ರಂದು ಕಾಲಿಪ್ ಶುದ್ಧಗೊಳಿಸಿದ ಸಾರ ಕೊಟ್ಟಾಗ ರಕ್ತದ ಸಕ್ಕರೆ ಶೇಕಡ 0.52ರಿಂದ 0.12ಕ್ಕೆ ಬಂತು. ಉಪವಾಸದ ಪಥ್ಯದಲ್ಲಿ ಎಲುಬಿನ ಗೂಡಾಗಿದ್ದ ಹುಡುಗ ಆಮೇಲೆ 13 ವರ್ಷ ಬದುಕಿದ.

ಬೆಸ್ಟ್ ಕಣ್ಣಳತೆಯಲ್ಲಿ ಮಾಡಿದ್ದನ್ನು ಇಂದು ಗ್ಲುಕೋಮೀಟರ್ ಕೆಲವೇ ಸೆಕೆಂಡುಗಳಲ್ಲಿ ಮಾಡುತ್ತದೆ. ಪಟ್ಟಿಯ ಮೇಲಿನ ಕಿಣ್ವ ಸಕ್ಕರೆಯಿಂದ ಎಲೆಕ್ಟ್ರಾನುಗಳನ್ನು ಸೆಳೆದು ವಿದ್ಯುತ್ತಾಗಿ ತೋರಿಸುತ್ತದೆ. ಆದರೆ ಪ್ರಯೋಗಾಲಯಕ್ಕೆ ಹೊಸದಾಗಿ ಬಂದ ವಿದ್ಯಾರ್ಥಿಯ ಕಲಿಕೆ ಇಂದಿಗೂ ಬೆಸ್ಟ್ ಕಲಿತಲ್ಲಿಂದಲೇ ಆರಂಭವಾಗುತ್ತದೆ. ಮೊದಲ ವಾರ ಪಿಪೆಟ್ ಹಿಡಿಯುವುದು. 100 ಮೈಕ್ರೋಲೀಟರ್ ನೀರು ಸುಮಾರು 100 ಮಿಲಿಗ್ರಾಂ ತೂಗಬೇಕು. ತಕ್ಕಡಿಯ ಮೇಲೆ ಮತ್ತೆ ಮತ್ತೆ ಹಾಕಿ ನೋಡಿದರೆ ಒಮ್ಮೆ 96, ಒಮ್ಮೆ 103. ಹೆಬ್ಬೆರಳನ್ನು ಅವಸರದಲ್ಲಿ ಬಿಟ್ಟರೆ ತುದಿಯಲ್ಲಿ ಗಾಳಿಗುಳ್ಳೆ ಸೇರಿಕೊಳ್ಳುತ್ತದೆ, ತುದಿಯನ್ನು ಆಳಕ್ಕೆ ಅದ್ದಿದರೆ ಹೊರಮೈಗೆ ಹನಿ ಅಂಟುತ್ತದೆ. ಈ ಏರುಪೇರು ತಗ್ಗುವವರೆಗೆ ಯಾರೂ ಅಮೂಲ್ಯವಾದ ಮಾದರಿಯನ್ನು ಆ ಕೈಗೆ ಕೊಡುವುದಿಲ್ಲ. ಆಮೇಲೆ ಮಾನಕ ರೇಖೆ: ಎಷ್ಟು ಪ್ರೋಟೀನ್ ಇದೆಯೆಂದು ಗೊತ್ತಿರುವ ದ್ರಾವಣವನ್ನು ಅರ್ಧ, ಕಾಲು, ಅರೆಕಾಲು ಎಂದು ತೆಳುವಾಗಿಸುತ್ತ ಹೋಗಿ, ಪ್ರತಿಯೊಂದರ ಬಣ್ಣವನ್ನು ಯಂತ್ರದಿಂದ ಓದಿ, ಬಿಂದುಗಳನ್ನು ಗ್ರಾಫಿನಲ್ಲಿ ಗುರುತಿಸುವುದು. ಬಿಂದುಗಳು ಒಂದು ಗೆರೆಯ ಮೇಲೆ ಬಿದ್ದರೆ ಮಾತ್ರ ಗೊತ್ತಿಲ್ಲದ ಮಾದರಿಯ ಅಳತೆಗೆ ಅರ್ಥ. ಪ್ರತಿಯೊಂದನ್ನೂ ಮೂರು ಸಲ ಮಾಡಬೇಕು. ಏನನ್ನೂ ಸೇರಿಸದ ಖಾಲಿ ಮಾದರಿಯೊಂದು ಜೊತೆಗಿರಲೇಬೇಕು.

ಕೋಶಗಳನ್ನು ಬೆಳೆಸುವ ಪ್ರಯೋಗಾಲಯವಾದರೆ ತಾಳ್ಮೆಯ ಪರೀಕ್ಷೆ ಇನ್ನೊಂದು ಬಗೆಯದು. 37 ಡಿಗ್ರಿ ಸೆಲ್ಸಿಯಸ್, ಶೇಕಡ 5ರಷ್ಟು ಕಾರ್ಬನ್ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಗುಲಾಬಿ ಬಣ್ಣದ ಪೋಷಕ ದ್ರವದ ಅಡಿಯಲ್ಲಿ ಕೋಶಗಳು ದಿನವೆರಡು ದಿನಕ್ಕೆ ಇಮ್ಮಡಿಯಾಗುತ್ತ ಇರುತ್ತವೆ. ಒಂದು ಬೆಳಿಗ್ಗೆ ದ್ರವ ಹಳದಿಗೆ ತಿರುಗಿ ಕದಡಿದಂತೆ ಕಂಡರೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದು ಅರ್ಥ. ವಾರಗಳ ಕೆಲಸವನ್ನು ಬ್ಲೀಚ್ ಸುರಿದು ಚೆಲ್ಲಬೇಕು. ಎರಡು ತಿಂಗಳ ಅವಧಿಯಲ್ಲಿ ಹೀಗೆ ಒಮ್ಮೆ ಆದರೂ ಸಾಕು, ವರದಿಯಲ್ಲಿ ಬರೆಯಲು ಉಳಿಯುವುದು ಅಷ್ಟಿಷ್ಟು. ಇದನ್ನು ಸೋಲು ಎಂದು ತಿಳಿಯುವ ವಿದ್ಯಾರ್ಥಿಗಳೇ ಹೆಚ್ಚು. ಕಲಿಸುವವರು ಹಾಗೆ ತಿಳಿಯಬಾರದು ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ಎರಡು ತಿಂಗಳಲ್ಲಿ ಹೊಸ ಶೋಧ ಆಗಲೇಬೇಕೆಂದು ಒತ್ತಾಯಿಸುವ ಕಡೆ, ಆಗದ್ದನ್ನು ಆಯಿತೆಂದು ಬರೆಯುವ ಪ್ರಲೋಭನೆ ಮೊದಲು ಮುತ್ತುವುದು ಅತ್ಯಂತ ಕಿರಿಯರನ್ನೇ.

ಭಾರತದಲ್ಲಿ ಈ ಬಾಗಿಲು ತೆರೆದಿರುವುದು ಹಲವರಿಗೆ ತಿಳಿಯದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಅಂದರೆ ಐಸಿಎಂಆರ್, ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಅಲ್ಪಾವಧಿ ವಿದ್ಯಾರ್ಥಿವೇತನವನ್ನು 1979ರಲ್ಲಿ ಆರಂಭಿಸಿತು. ಎಂಬಿಬಿಎಸ್ ಓದುತ್ತಿರುವವರು ಒಬ್ಬ ಮಾರ್ಗದರ್ಶಕರ ಜೊತೆ ಸೇರಿ ತಮ್ಮದೇ ಪ್ರಶ್ನೆಯೊಂದನ್ನು ಎರಡು ತಿಂಗಳಲ್ಲಿ ಮುಗಿಯುವ ಅಳತೆಗೆ ಕತ್ತರಿಸಿಕೊಂಡು ಕೆಲಸ ಮಾಡಿ ವರದಿ ಒಪ್ಪಿಸಬೇಕು. ಸಿ. ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆಗೂಡಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸಿಕೊಂಡು ಬಂದಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೂ ಇಂಥದೇ ಯೋಜನೆಯಿದೆ. ಪ್ರಯೋಗಾಲಯ ಎಂದರೆ ಪಠ್ಯಕ್ರಮದ ಪ್ರಾಕ್ಟಿಕಲ್ ಎಂದಷ್ಟೇ ಅರಿತ ಊರಿನ ಕಾಲೇಜಿನ ವಿದ್ಯಾರ್ಥಿಗೆ ಇಲ್ಲಿ ಮೊದಲು ಎದುರಾಗುವ ಬೆರಗು, ಉತ್ತರ ಏನು ಬರಬೇಕೆಂದು ಕಲಿಸುವವರಿಗೂ ಗೊತ್ತಿಲ್ಲ ಎಂಬುದು. ಪ್ರಾಕ್ಟಿಕಲ್ ಪುಸ್ತಕದಲ್ಲಿ ಬರಬೇಕಾದ ಉತ್ತರ ಮೊದಲೇ ಇರುತ್ತದೆ, ಅದಕ್ಕೆ ಹೊಂದದ ಅಳತೆಯನ್ನು ತಿದ್ದುವ ಅಭ್ಯಾಸ ಬೆಳೆಯುತ್ತದೆ. ಸಂಶೋಧನೆಯ ಮೇಜಿನ ಮುಂದೆ ಆ ಅಭ್ಯಾಸವನ್ನು ಮರೆಯಬೇಕು.

ಹೊಂದದ ಅಳತೆಯನ್ನು ತಿದ್ದದೆ ಇಟ್ಟುಕೊಂಡದ್ದರ ಫಲವನ್ನು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೇ ಮೆಕ್ಲೀನ್ ಅವರ ಕೆಲಸದಲ್ಲಿ ಕಾಣಬಹುದು. ರಕ್ತ ಹೆಪ್ಪುಗಟ್ಟುವ ಬಗೆಯನ್ನು ಅಭ್ಯಸಿಸುತ್ತಿದ್ದ ವಿಲಿಯಂ ಹಾವೆಲ್ ಈ ವೈದ್ಯಕೀಯ ವಿದ್ಯಾರ್ಥಿಗೆ ವಹಿಸಿದ ಕೆಲಸ, ಹೆಪ್ಪುಗಟ್ಟುವುದನ್ನು ಚುರುಕುಗೊಳಿಸುವ ಕೊಬ್ಬಿನ ಅಂಶವನ್ನು ಶುದ್ಧಗೊಳಿಸಿ ಪರೀಕ್ಷಿಸುವುದು. ಮಿದುಳಿನಿಂದ ತೆಗೆದ ಅಂಶ ನಿರೀಕ್ಷೆಯಂತೆ ವರ್ತಿಸಿತು. ಹೃದಯ ಮತ್ತು ಯಕೃತ್ತಿನಿಂದ ತೆಗೆದ ಅಂಶಗಳನ್ನು ಮೆಕ್ಲೀನ್ ಕೆಲವು ಕಾಲ ಇಟ್ಟು ಮತ್ತೆ ಮತ್ತೆ ಪರೀಕ್ಷಿಸಿದರು. ಚುರುಕುಗೊಳಿಸುವ ಗುಣ ಅವುಗಳಲ್ಲಿ ಕುಗ್ಗುತ್ತ ಬಂದು ಕೊನೆಗೆ ಅವು ಹೆಪ್ಪುಗಟ್ಟುವುದನ್ನೇ ತಡೆಯುತ್ತಿದ್ದವು. ಹಾವೆಲ್ ಮೊದಲು ನಂಬಲಿಲ್ಲ. ಮೆಕ್ಲೀನ್ ತಮ್ಮ ಕೊನೆಗಾಲದಲ್ಲಿ ನೆನಪಿಸಿಕೊಂಡಂತೆ, ಬೆಕ್ಕಿನ ರಕ್ತಕ್ಕೆ ಆ ಅಂಶ ಬೆರೆಸಿದ ಬೀಕರನ್ನು ಗುರುಗಳ ಮೇಜಿನ ಮೇಲಿಟ್ಟು, ಇದು ಹೆಪ್ಪುಗಟ್ಟಿದಾಗ ತಿಳಿಸಿ ಎಂದು ಹೇಳಿ ಹೋದರು, ಅದು ಹೆಪ್ಪುಗಟ್ಟಲಿಲ್ಲ. 1916ರ ಲೇಖನದಲ್ಲಿ ಈ ಸಂಗತಿಯೂ ಸೇರಿತು. ಹಾವೆಲ್ 1918ರಲ್ಲಿ ಹೆಪಾರಿನ್ ಎಂಬ ಹೆಸರು ತಂದರು. ಇಂದು ಆಸ್ಪತ್ರೆಗಳಲ್ಲಿ ಡಯಾಲಿಸಿಸ್‌ಗೂ ಹೃದಯದ ಶಸ್ತ್ರಕ್ರಿಯೆಗೂ ಬಳಸುವ ಹೆಪಾರಿನ್ ರಾಸಾಯನಿಕವಾಗಿ ಮೆಕ್ಲೀನ್ ಕೈಯಲ್ಲಿದ್ದ ವಸ್ತುವಲ್ಲ. ಅದು ನೀರಿನಲ್ಲಿ ಕರಗುವ, ಸಕ್ಕರೆಯ ಘಟಕಗಳ ಸರಪಳಿ, ಮೆಕ್ಲೀನ್ ಅವರದು ಕೊಬ್ಬಿನ ಜಾತಿಯದು. ಹಾಗಾಗಿ ಶೋಧದ ಹಿರಿಮೆ ಯಾರದೆಂಬ ಚರ್ಚೆ ಇಂದಿಗೂ ಇದೆ. ಹೆಪಾರಿನ್ ಅನ್ನು ಮನುಷ್ಯರಿಗೆ ಕೊಡಬಹುದಾದಷ್ಟು ಶುದ್ಧವಾಗಿ 1930ರ ದಶಕದಲ್ಲಿ ತಯಾರಿಸಿದ ಟೊರಾಂಟೊ ತಂಡದ ಮುಂದಾಳು, ಒಂದು ಕಾಲದ ಬೇಸಿಗೆ ವಿದ್ಯಾರ್ಥಿ ಚಾರ್ಲ್ಸ್ ಬೆಸ್ಟ್.

ಹಿರಿಮೆಯ ಪ್ರಶ್ನೆ ಟೊರಾಂಟೊದಲ್ಲೂ ಕಹಿ ಬಿತ್ತಿತು. ಮೊದಲ ಫಲಿತಾಂಶಗಳ ಲೇಖನ 1922ರ ಫೆಬ್ರುವರಿಯಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇಬ್ಬರದೇ ಹೆಸರಿನಲ್ಲಿ ಬಂತು. ತಮ್ಮ ಹೆಸರು ಸೇರಿಸುವುದು ಬೇಡವೆಂದು ಮ್ಯಾಕ್ಲಿಯಾಡ್ ಹೇಳಿದ್ದರು. ವಿದ್ಯಾರ್ಥಿಯ ಪಾಲನ್ನು ಗುರುತಿಸುವ ವಿಷಯದಲ್ಲಿ ಇಂದಿನ ಎಷ್ಟೋ ಪ್ರಯೋಗಾಲಯಗಳು ಇದನ್ನು ನೋಡಿ ಕಲಿಯಬಹುದು. 1923ರ ನೊಬೆಲ್ ಬಹುಮಾನ ಮಾತ್ರ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್‌ಗೆ ಬಂತು. ಬ್ಯಾಂಟಿಂಗ್ ತಮ್ಮ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟ್‌ಗೆ ಕೊಟ್ಟರು. ಮ್ಯಾಕ್ಲಿಯಾಡ್ ತಮ್ಮದರಲ್ಲಿ ಅರ್ಧವನ್ನು ಕಾಲಿಪ್‌ಗೆ.

ಮೊದಲ ಪಾಳಿ ಸಿಗದೆ, ಸಿಗಬೇಕಿದ್ದ ಪಾಳಿಯನ್ನು ಬಿಟ್ಟುಕೊಟ್ಟ ಕ್ಲಾರ್ಕ್ ನೋಬಲ್ ಕೂಡ ಮುಂದೆ ತಂಡ ಸೇರಿದರು. ಸಾರ, ಅಂದರೆ ಇನ್ಸುಲಿನ್, ಎಷ್ಟು ಪ್ರಬಲವಾಗಿದೆ ಎಂದು ಅಳೆಯಲು ಆಗ ಯಾವ ಮಾನವೂ ಇರಲಿಲ್ಲ; ಒಂದು ಸಲದ ತಯಾರಿಕೆ ಸಪ್ಪೆ, ಮುಂದಿನದು ಜೀವ ತೆಗೆಯುವಷ್ಟು ಬಲವಾಗಿರಬಹುದಿತ್ತು. ಆರೋಗ್ಯವಂತ ಮೊಲಗಳ ರಕ್ತದ ಸಕ್ಕರೆ ಶೇಕಡ 0.045ಕ್ಕೆ ಕುಸಿದು ಸೆಳವು ಬರುವಷ್ಟು ಇನ್ಸುಲಿನ್ ಒಂದು ಘಟಕ ಎಂಬ ಮೊದಲ ಮಾನ ಟೊರಾಂಟೊದ ಮೊಲಗಳಿಂದ ಬಂತು, ಆ ಪ್ರಯೋಗಗಳಲ್ಲಿ ನೋಬಲ್ ಕೈಯೂ ಇತ್ತು. ಆ ಘಟಕ ದೊಡ್ಡದಾಯಿತೆಂದು ಮುಂದೆ ಕಿರಿದಾಗಿಸಿದರು. ಇಂದು ಇನ್ಸುಲಿನ್ ಪೆನ್ನಿನ ಮೇಲೆ ಕಾಣುವ ಯೂನಿಟ್ ಅದರ ಮೊಮ್ಮಗ. 1922ರ ಮೇ 3ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕದ ವೈದ್ಯರ ಸಭೆಯ ಮುಂದೆ ಮ್ಯಾಕ್ಲಿಯಾಡ್ ಇಡೀ ತಂಡದ ಪರವಾಗಿ ಪ್ರಬಂಧ ಓದಿ, ಈ ಸಾರವನ್ನು ಇನ್ಸುಲಿನ್ ಎಂದು ಕರೆಯುವುದಾಗಿ ತಿಳಿಸಿದರು. ಅದರ ಮೇಲೆ ಏಳು ಹೆಸರುಗಳಿದ್ದವು: ಬ್ಯಾಂಟಿಂಗ್, ಬೆಸ್ಟ್, ಕಾಲಿಪ್, ಕ್ಯಾಂಪ್‌ಬೆಲ್, ಫ್ಲೆಚರ್, ಮ್ಯಾಕ್ಲಿಯಾಡ್, ನೋಬಲ್.